ಒಂದೇ ಒಂದು ಹೊಡೆತ ಜಾಸ್ತಿ

ಮನಾವ್ ಬೆಳಿಗ್ಗೆ ಎದ್ದು ಕೆಳಗಿಳಿದಾಗ ಅವಳ ಶಾಲೆಯ ನೀಲಿ ಲಂಗ ಪಕ್ಕದ ಮನೆ ಹುಡುಗಿಯ ಸೊಂಟದ ಮೇಲಿತ್ತು. ಆ ಮನೆಯ ದೊಡ್ಡಮ್ಮ ಚೂಯ್ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ತನ್ನ ಮೊಮ್ಮಗಳಿಗೆ ಅಳತೆ ನೋಡುತ್ತಿದ್ದಳು.

"ಇನ್ನು ನಿಂಗ್ಯಾಕೆ ಇದು? ಸಾಯಂಕಾಲಕ್ಕೆ ನೀನು ಪ್ರೊ ಆಗ್ಬಿಡ್ತೀಯಲ್ಲ! ತಗೊಂಡು ಹೋಗಿ ಅಂತ ನಿಮ್ಮಪ್ಪನೇ ಕೊಟ್ಟ."

ಅಪ್ಪ ವಿಚಿಯನ್ ಆವತ್ತು ನೂಡಲ್ಸ್ ಅಂಗಡಿಯ ಬಾಗಿಲು ಹಾಕಿ, ಮಗಳ ಗಾಲ್ಫ್ ಚೀಲವನ್ನು ಹೊಸ ಮದುಮಗಳನ್ನು ಕೂರಿಸುವಷ್ಟು ಜೋಪಾನವಾಗಿ ಗಾಡಿಗೆ ಏರಿಸುತ್ತಿದ್ದ. "ಮೂವತ್ತು ವರ್ಷ ಆ ಹಬೇಲಿ ಬೆಂದಿದ್ದೀನಿ. ನನ್ನ ಮಗಳು ಬೇಯಬಾರದು" ಅನ್ನುವುದು ಅವನ ಒಂದೇ ಮಾತು. ಅದನ್ನು ಕೇಳಿದಾಗಲೆಲ್ಲ ಮನಾವ್ ಎದ್ದು ಅಭ್ಯಾಸಕ್ಕೆ ಹೋಗುತ್ತಿದ್ದಳು.

ಹದಿನಾರರ ಹುಡುಗಿ. ಅವಳು ಹೊಡೆದರೆ ಚೆಂಡು ಹೇಳಿದ ಮಾತು ಕೇಳುತ್ತಿತ್ತು; ಇಡೀ ಹುವಾ ಹಿನ್ ಊರಿನಲ್ಲಿ ಅವಳ ಮಾತು ಕೇಳುತ್ತಿದ್ದುದು ಅದೊಂದೇ. ಅವಳಿಗೆ ಬೇಕಾಗಿದ್ದುದು ಇಷ್ಟೇ: ಶಾಲೆ ಮುಗಿಸಿ ಪಶುವೈದ್ಯೆಯಾಗಬೇಕು, ಭಾನುವಾರ ಖುಷಿಗೆ ಗಾಲ್ಫ್ ಆಡಬೇಕು. ಆದರೆ ಆಟವೇ ಸಂಪಾದನೆಯಾಗಲೆಂದು ಅಪ್ಪ ಅವಳನ್ನು ಪ್ರೊ ಪರೀಕ್ಷೆಗೆ, ಅಂದರೆ ವೃತ್ತಿ ಆಟಗಾರರ ಆಯ್ಕೆಗೆ, ಸೇರಿಸಿದ್ದ. ಇವತ್ತು ಅದರ ಕೊನೆಯ ದಿನ. ಕಡಿಮೆ ಹೊಡೆತದಲ್ಲಿ ಹದಿನೆಂಟು ಕುಳಿ ಮುಗಿಸಿದ ಮೊದಲ ಇಪ್ಪತ್ತು ಮಂದಿ ತೇರ್ಗಡೆ. ತೇರ್ಗಡೆಯಾದರೆ ನಾಳೆಯಿಂದ ಶಾಲೆ ಇಲ್ಲ.

ಆಟದ ಬಯಲಿನ ಅಂಚಿನಲ್ಲೊಂದು ಹಳೇ ತಕಿಯನ್ ಮರ. ಅದರಲ್ಲಿ ಊರವರು ಅಜ್ಜಿ ಎಂದು ಕರೆಯುವ ದೇವತೆ ಇದ್ದಾಳೆ. ಕಾಂಡಕ್ಕೆ ಬಣ್ಣಬಣ್ಣದ ರೇಷ್ಮೆ ಸುತ್ತಿದ್ದಾರೆ. ಹರಕೆ ಹೊತ್ತರೆ ಅಜ್ಜಿ ಕೈಬಿಡುವುದಿಲ್ಲ. ಹರಕೆ ತೀರಿಸದಿದ್ದರೆ ಅಜ್ಜಿ ಬಿಡುವುದೇ ಇಲ್ಲ. ಆಟಕ್ಕೆ ಮುಂಚೆ ಎಲ್ಲರೂ ಮರದ ಮುಂದೆ ನಿಂತರು; ಮಗಳು ತೇರ್ಗಡೆಯಾದರೆ ಹಂದಿಯ ತಲೆ ಒಪ್ಪಿಸುತ್ತೇನೆಂದ ಅಪ್ಪ. ಅದೇ ಬಯಲಿನಲ್ಲಿ ಇಪ್ಪತ್ತು ವರ್ಷ ಆಟಗಾರರ ಚೀಲ ಹೊತ್ತಿದ್ದ ಅಮ್ಮ ಲಮ್‌ಯೈ ಒಂಬತ್ತು ಎಳನೀರು ಅಂದಳು. ದೊಡ್ಡಮ್ಮ ಚೂಯ್ ಬೇಯಿಸಿದ ಮೊಟ್ಟೆ ತೊಂಬತ್ತೊಂಬತ್ತು ಅಂದಳು.

ಎಲ್ಲರೂ ಆಚೆ ಹೋದ ಮೇಲೆ ಮನಾವ್ ಊದುಬತ್ತಿ ಹಚ್ಚಿ ಮಂಡಿಯೂರಿದಳು. "ಅಜ್ಜಿ, ನನ್ನ ಸೋಲಿಸು. ಒಂದೇ ಒಂದು ಹೊಡೆತದಲ್ಲಿ ಸಾಕು, ಜಾಸ್ತಿ ಆದ್ರೆ ಅಪ್ಪನ ಮರ್ಯಾದೆ ಹೋಗುತ್ತೆ. ಸೋಲಿಸಿದ್ರೆ ಇವತ್ತೇ ನಿನ್ನ ಮುಂದೆ ಬಂದು ಕುಣೀತೀನಿ."

ಜೊತೆಯಲ್ಲಿ ಆಡಲು ಸಿಕ್ಕವಳು ಚಿಯಾಂಗ್ ಮಾಯ್‌ನ ನುವಾನ್, ಇವಳದೇ ವಯಸ್ಸಿನವಳು. ಆಟದ ನಿಯಮದಂತೆ ಇವಳ ಲೆಕ್ಕದ ಚೀಟಿ ಅವಳು ಬರೆಯಬೇಕು, ಅವಳದ್ದು ಇವಳು. ಚೀಲ ಹೊತ್ತು ಅಪ್ಪ ಹಿಂದೆ. ಅವನ ಹಿಂದೆ ಅಮ್ಮ, ದೊಡ್ಡಮ್ಮ, ಅರ್ಧ ಗಲ್ಲಿ.

ಮೂರನೇ ಕುಳಿಯಲ್ಲಿ ಮನಾವ್ ಧೈರ್ಯ ಮಾಡಿ ಚೆಂಡನ್ನು ನೇರ ಕೊಳಕ್ಕೆ ಹೊಡೆದಳು. ದಡದಲ್ಲಿ ಬಿಸಿಲು ಕಾಯುತ್ತಿದ್ದ ಉಡದ ಬೆನ್ನಿಗೆ ಅದು ಬಡಿದು, ಪುಟಿದು, ಕುಳಿಯಿಂದ ಮಾರು ದೂರದಲ್ಲಿ ಕೂತಿತು.

"ಹೆಸರು ಹೇಳಿದ್ರೇ ಅಪಶಕುನ ಅನ್ನೋ ಪ್ರಾಣಿ, ಅದೂ ಇವತ್ತು ಪುಣ್ಯ ಕಟ್ಕೊಂಡ್ತು!" ಎಂದು ದೊಡ್ಡಮ್ಮ ಉಡಕ್ಕೇ ಕೈಮುಗಿದಳು.

ಹನ್ನೊಂದರಲ್ಲಿ ಬೇಕೆಂದೇ ತೋಪಿನೊಳಕ್ಕೆ ಹೊಡೆದಳು. ಚೆಂಡು ಒಂದು ತೆಂಗಿಗೆ ಬಡಿದು ಬಯಲಿನ ನಡುಮಧ್ಯಕ್ಕೆ ವಾಪಸು ಬಂತು.

"ಅಲ್ಲಿಂದ ಇಲ್ಲಿಗೆ ಹೊಡೀಬಹುದು ಅಂತ ನಿಂಗೆ ಹೇಳ್ಕೊಟ್ಟವರ್ಯಾರೇ?" ಅಮ್ಮನಿಗೇ ಬೆರಗು.

"ಯಾರೂ ಇಲ್ಲಮ್ಮ," ಎಂದ ಮನಾವ್‌ಳ ದನಿ ಅಳುವ ಹಾಗಿತ್ತು.

ಹದಿನೆಂಟನೆಯದು, ಕೊನೆಯ ಕುಳಿ. ಚೆಂಡಿಗೂ ಕುಳಿಗೂ ಉಳಿದದ್ದು ಮೊಳದ ಅಂತರ. ಇದೊಂದು ಬಿದ್ದರೆ ತೇರ್ಗಡೆ. ಅಪ್ಪ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದ, "ಕಣ್ಮುಚ್ಚಿ ಹೊಡೆದ್ರೂ ಬೀಳುತ್ತೆ, ಮಗಳೇ."

ಅವಳು ಕಣ್ಣು ತೆರೆದೇ ಹೊಡೆದಳು, ಕೂದಲೆಳೆಯಷ್ಟು ಬಲಕ್ಕೆ. ಚೆಂಡು ಕುಳಿಯ ಅಂಚನ್ನು ಒಂದು ಸುತ್ತು ಸುತ್ತಿ ಹೊರಗೇ ನಿಂತಿತು.

ಇಪ್ಪತ್ತೊಂದನೇ ಸ್ಥಾನ. ಒಂದೇ ಒಂದು ಹೊಡೆತ ಜಾಸ್ತಿ. ಅಪ್ಪನ ಕಡೆಯೇ ನೋಡುತ್ತಾ ಮನಾವ್ ನುವಾನ್‌ಳ ಚೀಟಿ ಬರೆದುಕೊಟ್ಟಳು. ಆ ಚೀಟಿಯ ಲೆಕ್ಕದಲ್ಲಿ ನುವಾನ್ ಇಪ್ಪತ್ತನೆಯವಳು. ಅವಳು ಚೀಟಿಯನ್ನು ಬಹಳ ಹೊತ್ತು ನೋಡಿ ಸಹಿ ಹಾಕಿದಳು.

ಅಪ್ಪ ಚೀಲ ಕೆಳಗಿಟ್ಟ. ಬೈಯಲಿಲ್ಲ. "ಹಸಿವಾಗಿದ್ಯಾ?" ಅಂತ ಮಾತ್ರ ಕೇಳಿದ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮನಾವ್‌ಗೆ.

ಆದರೂ ಹರಕೆ ಹರಕೆಯೇ. ಜನ ಊಟದ ಕಡೆ ಹೋದದ್ದನ್ನು ನೋಡಿ ಮರದ ಬಳಿಗೆ ಓಡಿದಳು. ಶಾಲೆಯಲ್ಲಿ ಕಲಿತಿದ್ದ ಒಂದೇ ನೃತ್ಯ, ಅದೂ ಅರ್ಧ. ಬೆರಳು ಹಿಂದಕ್ಕೆ ಬಾಗಿಸಿ, ಮೊಳೆ ಬೂಟಿನಲ್ಲೇ ಹೆಜ್ಜೆ ಹಾಕತೊಡಗಿದಳು.

"ಅಯ್ಯೋ, ಮಗು ಕುಣೀತಿದೆ!" ದೊಡ್ಡಮ್ಮ ಚೂಯ್‌ಳ ಕಣ್ಣಿಂದ ತಪ್ಪಿಸಿಕೊಂಡದ್ದು ಈ ಲೋಕದಲ್ಲಿ ಯಾವುದಿದೆ? ಕ್ಷಣದಲ್ಲಿ ಗಲ್ಲಿಗೆ ಗಲ್ಲಿಯೇ ನೆರೆಯಿತು.

"ಕೋರಿಕೆ ಈಡೇರದೆ ಯಾರಾದ್ರೂ ಕುಣೀತಾರೇನೆ? ಏನು ಕೇಳ್ಕೊಂಡಿದ್ದೆ?" ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಮನಾವ್‌ಳ ಕೈ ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಧ್ವನಿವರ್ಧಕ ಕೆಮ್ಮಿತು. ಕೊನೆಯ ಕುಳಿಯಲ್ಲಿ ನುವಾನ್ ಹೊಡೆದದ್ದು ಐದು, ಚೀಟಿಯಲ್ಲಿ ಇರುವುದು ನಾಲ್ಕು. ತಪ್ಪು ಚೀಟಿಗೆ ಸಹಿ ಹಾಕಿದ್ದರಿಂದ ನುವಾನ್ ಆಟದಿಂದ ಹೊರಗೆ. ಇಪ್ಪತ್ತನೇ ಸ್ಥಾನ ಮನಾವ್‌ಗೆ.

"ನೋಡ್ರೇ! ಫಲ ಬರೋಕೆ ಮುಂಚೇನೇ ಹರಕೆ ತೀರಿಸಿದ್ಳು! ಅಜ್ಜಿ ಕೊಡದೆ ಏನು ಮಾಡ್ತಾಳೆ?" ಎಂದು ದೊಡ್ಡಮ್ಮ ಐಸ್ ಪೆಟ್ಟಿಗೆಯನ್ನೇ ಡೋಲು ಮಾಡಿ ಬಾರಿಸಿದಳು.

ಮನಾವ್ ಜನರನ್ನು ಸೀಳಿಕೊಂಡು ನುವಾನ್ ಹತ್ತಿರ ಓಡಿದಳು. "ನನ್ನ ಕೈಯಾರೆ ತಪ್ಪು ಬರೆದೆ ಕಣೆ. ನಿನ್ನ ಬಾಳು ಹಾಳು ಮಾಡಿದೆ."

ನುವಾನ್ ಸುತ್ತ ನೋಡಿ ದನಿ ತಗ್ಗಿಸಿದಳು. "ಅಳಬೇಡ್ವೇ. ನಾನು ನೋಡಿದ್ದೆ. ನೋಡೇ ಸಹಿ ಹಾಕ್ದೆ. ನಂಗೆ ಇದೆಲ್ಲಾ ಬೇಡ, ಕಾಲೇಜಿಗೆ ಹೋಗ್ಬೇಕು. ಬೆಳಿಗ್ಗೆ ನಿಮ್ಮೂರ ಮರದಜ್ಜಿ ಹತ್ರ ಕೇಳ್ಕೊಂಡೆ, ಕೊಟ್ಬಿಟ್ಳು. ಎಷ್ಟು ಒಳ್ಳೆಯವಳು!" ಎಂದು ಬಿಕ್ಕುತ್ತಿದ್ದ ತನ್ನ ಅಮ್ಮನನ್ನು ಸಮಾಧಾನ ಮಾಡಲು ಹೊರಟಳು.

ಇರುವ ವಿಷಯ ಹೇಳಿಯೇ ಬಿಡುವುದೆಂದು ಮನಾವ್ ತಿರುಗಿದಳು. ಅಪ್ಪ ಎದುರಿಗಿದ್ದ. ಅವನ ಕಣ್ಣಲ್ಲಿ ನೀರಿತ್ತು. ಈರುಳ್ಳಿ ಹೆಚ್ಚುವಾಗ ಬಿಟ್ಟರೆ ಅಪ್ಪ ಅತ್ತದ್ದನ್ನು ಅವಳು ಕಂಡಿರಲಿಲ್ಲ.

"ಅಜ್ಜಿ ಹತ್ರ ಏನು ಕೇಳಿದ್ದೆ, ಮಗಳೇ?"

"ನೀನು ಕೇಳಿದ್ದನ್ನೇ, ಅಪ್ಪ."

ಅಪ್ಪ ಅವಳ ತಲೆ ಸವರಿದ. "ನಂಗೊತ್ತಿತ್ತು. ನಾವಿಬ್ಬರೂ ಒಂದೇ ಥರ!"