ಇಪ್ಪತ್ತನಾಲ್ಕು ಎಳೆಯ ಪ್ರೊಸೆಸರ್

ಗಂಡ: ಹಾಗಲ್ಲ ಕಣೇ, ಮೊದಲು ಪೂರ್ತಿ ಕೇಳು. ನಮ್ಮ ಕಂಪ್ಯೂಟರಿನ ಪ್ರೊಸೆಸರ್ ಆರನೇ ತಲೆಮಾರಿಂದು. ಈಗ ಅಂಗಡಿಗೆ ಬಂದಿರೋದು ಹದಿನಾಲ್ಕನೇ ತಲೆಮಾರು.

ಹೆಂಡತಿ: ನಮ್ಮ ಮನೇಲಿ ತಾತನಿಂದ ಮೊಮ್ಮಗನ ತನಕ ಬರೋಕೆ ಅರವತ್ತು ವರ್ಷ ಹಿಡೀತು. ಇವು ಎಂಟು ವರ್ಷಕ್ಕೆ ಎಂಟು ತಲೆಮಾರು ದಾಟಿದವಾ? ಮೊಲಗಳೂ ಇಷ್ಟು ಅವಸರ ಮಾಡಲ್ಲ.

ರಜೆಯ ದಿನ, ಬೆಳಿಗ್ಗೆ ಹತ್ತೂವರೆ. ಮುಂದಿನ ಕೋಣೆಯಲ್ಲಿ ಒಂದು ಕಡೆ ಹೆಂಡತಿಯ ಕಸೂತಿ ಮಷಿನ್ನು, ಇನ್ನೊಂದು ಕಡೆ ಕಂಪ್ಯೂಟರು, ಎರಡರ ನಡುವೆ ಒಂದು ವೈರು. ಕಂಪ್ಯೂಟರಿನಲ್ಲಿರುವ ಚಿತ್ರ ಆ ವೈರಿನಲ್ಲಿ ಬಂದರೆ ಮಷಿನ್ನು ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಒಂದು ಶಾಲೆಗೆ ನಾನೂರು ಬ್ಯಾಡ್ಜು ಮಂಗಳವಾರಕ್ಕೆ ಕೊಡಬೇಕು. ಇನ್ನೂರು ಆಗಿವೆ. ನೀರಿನ ಆಫೀಸಿನಲ್ಲಿ ಗುಮಾಸ್ತನಾಗಿರುವ ಗಂಡ, ಹಳೆಯ ಕಂಪ್ಯೂಟರು ಕೊಟ್ಟು ಹೊಸದನ್ನು ತೆಗೆದುಕೊಳ್ಳಲು ಹನ್ನೊಂದಕ್ಕೆ ಅಂಗಡಿಯವನನ್ನು ಬರಹೇಳಿದ್ದಾನೆ. ಹೆಂಡತಿಗೆ ಹೇಳಿದ್ದು ಈಗಷ್ಟೇ.

ಗಂಡ: ಹಿಂದಿನ ತಲೆಮಾರಿಗಿಂತ ನೂರಕ್ಕೆ ಎಂಟರಷ್ಟು ವೇಗ ಜಾಸ್ತಿ ಅಂತೆ. ವಿಡಿಯೋದಲ್ಲಿ ತೋರಿಸಿದ್ರು.

ಹೆಂಡತಿ: ಹತ್ತು ನಿಮಿಷದ ಕೆಲಸ ಒಂಬತ್ತೂ ಕಾಲು ನಿಮಿಷಕ್ಕೆ ಮುಗಿಯುತ್ತೆ ಅನ್ನಿ. ಉಳಿದ ಮುಕ್ಕಾಲು ನಿಮಿಷ ಏನ್ ಮಾಡ್ತೀರಿ?

ಗಂಡ: ಅದು ಹಿಂದಿನದಕ್ಕಿಂತ. ನಮ್ಮದಕ್ಕಿಂತ ಎಷ್ಟೋ ಪಟ್ಟು.

ಹೆಂಡತಿ: ನೀವು ಕಂಪ್ಯೂಟರಲ್ಲಿ ಮಾಡೋದಾದ್ರೂ ಏನ್ರೀ? ಹೊಸ ಕಂಪ್ಯೂಟರ್ ಬಗ್ಗೆ ವಿಡಿಯೋ ನೋಡೋದು. ಹೊಸದು ಬಂದ ಮೇಲೆ ಏನ್ ನೋಡ್ತೀರಿ? ಅದಕ್ಕಿಂತ ಹೊಸದರ ವಿಡಿಯೋ.

ಗಂಡ: ನನಗೋಸ್ಕರ ಕೇಳ್ತಿದೀನಾ? ನಿನ್ನ ಬ್ಯಾಡ್ಜಿಗೋಸ್ಕರ ತಾನೇ. ಚಿತ್ರ ತೆರೀತಿದೆಯಲ್ಲ, ನೋಡು. ಆಗಿನಿಂದ ಸುತ್ತುತಾನೇ ಇದೆ.

ಹೆಂಡತಿ ಪರದೆಯ ಮೇಲಿನ ಸುತ್ತು ನಿಲ್ಲುವವರೆಗೆ ಒಂಬತ್ತು ಬ್ಯಾಡ್ಜುಗಳ ಅಂಚು ಕತ್ತರಿಸಿ ಒಟ್ಟಿದಳು. ನಿಧಾನವೆಂಬುದು ಅವಳಿಗೂ ಗೊತ್ತು. ಆದರೆ ಅವಳ ಕಸೂತಿ ಪ್ರೋಗ್ರಾಮು ನಡೆಯುವುದು ಈ ಕಂಪ್ಯೂಟರಿನಲ್ಲೇ. ಅದನ್ನು ಹಾಕಿಕೊಟ್ಟವನು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿಬಿಟ್ಟಿದ್ದಾನೆ. ಕಂಪ್ಯೂಟರು ಈ ಬಾಗಿಲು ದಾಟಿದರೆ ಮಷಿನ್ನಿಗೆ ಏನು ಹೊಲಿಯಬೇಕೆಂದು ಹೇಳುವವರೇ ಇರುವುದಿಲ್ಲ.

ಗಂಡ: (ಕೈಯಲ್ಲಿದ್ದ ಬಣ್ಣದ ಕಾಗದ ಬಿಡಿಸುತ್ತಾ) ಇದಕ್ಕೆ ಹದಿನಾರು ಕೋರ್. ಒಂದೇ ಚಿಪ್ಪಿನೊಳಗೆ ಹದಿನಾರು ಜನ ಕೂತು ಕೆಲಸ ಮಾಡಿದ ಹಾಗೆ.

ಹೆಂಡತಿ: ಹದಿನಾರೂ ಮಾಡ್ತಾರಾ?

ಗಂಡ: ಎಂಟು ಜೋರಾಗಿ ದುಡಿಯೋವು. ಇನ್ನೆಂಟು ಸಣ್ಣಪುಟ್ಟ ಕೆಲಸಕ್ಕೆ. ಕರೆಂಟ್ ಉಳಿಸ್ತಾವೆ.

ಹೆಂಡತಿ: ನಿಮ್ಮ ನೀರಿನ ಆಫೀಸು ಅಂತ ನೇರವಾಗಿ ಹೇಳಬಾರದಾ? ಆದರೂ ಅಲ್ಲಿ ಎಂಟು ಜನ ದುಡಿಯೋದನ್ನ ನಾನು ಕಾಣೆ.

ಗಂಡ: ಎಲ್ಲದಕ್ಕೂ ಆಫೀಸು ತರಬೇಡ. ಇದರಲ್ಲಿ ಇಪ್ಪತ್ತನಾಲ್ಕು ಥ್ರೆಡ್ ಬೇರೆ ಇದೆ.

ಹೆಂಡತಿಯ ಕತ್ತರಿ ಅಲ್ಲೇ ನಿಂತಿತು. ಬೆಳಗಿನಿಂದ ಅವಳು ಮುಖ ತಿರುಗಿಸಿ ಗಂಡನನ್ನು ನೋಡಿದ್ದು ಇದೇ ಮೊದಲು.

ಹೆಂಡತಿ: ಇಪ್ಪತ್ತನಾಲ್ಕಾ? ಅದನ್ನ ಮೊದಲೇ ಹೇಳೋದಲ್ವಾ. ಯಾವ್ಯಾವ ಬಣ್ಣ?

ಗಂಡ: ಬಣ್ಣ ಗಿಣ್ಣ ಇರಲ್ಲ.

ಹೆಂಡತಿ: ಬರೀ ಬಿಳಿನಾ? ಬ್ಯಾಡ್ಜಿಗೆ ಕಡುನೀಲಿ ಬೇಕು, ಹಳದಿ ಬೇಕು. ಬಿಳಿ ದಾರ ನನ್ನ ಹತ್ರ ಡಬ್ಬದ ತುಂಬ ಇದೆ.

ಗಂಡ: ಹೊಲಿಯೋ ದಾರ ಅಲ್ಲ ಕಣೇ. ಕೆಲಸದ ಎಳೆ. ಕಣ್ಣಿಗೆ ಕಾಣಲ್ಲ.

ಹೆಂಡತಿ: ಕೈಗಾದ್ರೂ ಸಿಗುತ್ತಾ?

ಗಂಡ: ಸಿಗಲ್ಲ.

ಹೆಂಡತಿ: ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ. ಮತ್ತೆ ಇಪ್ಪತ್ತನಾಲ್ಕು ಅಂತ ಎಣಿಸಿದವರು ಯಾರು?

ಗಂಡ: ಕಂಪನಿಯವರು.

ಹೆಂಡತಿ: ಮಾರೋರೇ ಎಣಿಸಿದ್ದಾರಾ. ಹಾಗಾದ್ರೆ ಸರಿಯಾಗೇ ಇರುತ್ತೆ ಬಿಡಿ.

ಕತ್ತರಿ ಮತ್ತೆ ನಡೆಯತೊಡಗಿತು. ಗಂಡ ಕಾಗದವನ್ನು ಮಡಿಸಿ, ಮತ್ತೆ ಬಿಡಿಸಿ, ಸ್ವರ ತಗ್ಗಿಸಿದ.

ಗಂಡ: ಒಂದೇ ಒಂದು ವಿಷಯ. ಹೊಸ ಪ್ರೊಸೆಸರ್ ಹಳೇ ಮದರ್‌ಬೋರ್ಡಿಗೆ ಕೂರಲ್ಲ. ಅದೂ ಹೊಸದು ಬೇಕು. ಅದಕ್ಕೆ ತಕ್ಕ ಹಾಗೆ ಮೆಮೊರಿ. ಪೆಟ್ಟಿಗೆನೂ ಸ್ವಲ್ಪ ದೊಡ್ಡದು.

ಹೆಂಡತಿ: ಗುಂಡಿ ಕಿತ್ತುಹೋಯ್ತು ಅಂತ ಬಂದವರಿಗೆ ನಾನು ಅಂಗಿ, ಕೋಟು, ಪ್ಯಾಂಟು ಎಲ್ಲ ಹೊಲಿದು ಕಳಿಸಿದ್ರೆ ಏನಂತೀರಿ?

ಗಂಡ: ಇದು ಗುಂಡಿ ಅಲ್ಲ, ಮುದಿಯಾಗಿದೆ. ಏದುಸಿರು ಬಿಡೋದು ಕೇಳಿಸ್ತಿಲ್ವಾ? ಹೊರಗಡೆಯಿಂದ ಮಾತ್ರ ಹೊಸದರ ಹಾಗಿದೆ. ಒಂದು ಗೀರು ಬಿದ್ದಿಲ್ಲ, ಒಂದು ಕಣ ಧೂಳು ಕೂತಿಲ್ಲ. ಗವಸು ಹಾಕಿಸಿ ನೋಡ್ಕೊಂಡಿದ್ದು ಯಾರು, ನಾನಲ್ವಾ?

ಅದೇನೋ ನಿಜ. ಹೋದ ವರ್ಷ ಹೆಂಡತಿ ಶಾಲೆಯ ಕೋಟಿನ ಬಟ್ಟೆಯಲ್ಲಿ, ಒಳಗೆ ತೆಳು ಸ್ಪಂಜು ಇಟ್ಟು, ಕಂಪ್ಯೂಟರಿಗೊಂದು ಗವಸು ಹೊಲಿದಿದ್ದಳು. ಸ್ವಿಚ್ಚಿಗೆ ಒಂದು ಕಾಜಾ, ವೈರುಗಳಿಗೆ ಒಂದು ತೂತು, ಉಳಿದಂತೆ ಮೈಗಂಟಿದ ಅಳತೆ. ಹಾಕಿದ ದಿನದಿಂದ ಅದನ್ನು ಬಿಚ್ಚಿದ್ದಿಲ್ಲ.

ಹೆಂಡತಿ: ಮುದಿಯಾದ್ರೂ ಒಂದು ಉಪಕಾರ ಮಾಡ್ತಿದೆ. ಮೇಲಿಟ್ಟ ಟೀ ಆರಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಕಂಪ್ಯೂಟರ್ ಅಂಗಡಿಯವನು ಚೀಲ ನೇತುಹಾಕಿಕೊಂಡು ಒಳಗೆ ಬಂದು, ಹಳೆಯದನ್ನು ಮೇಲಿಂದ ಕೆಳಗೆ ನೋಡಿದ.

ಅಂಗಡಿಯವನು: ಆರನೇ ತಲೆಮಾರಾ ಸಾರ್? ನಮ್ಮಂಗಡಿ ಬಾಗಿಲು ಬಡಿಯದ ಹಾಗೆ ಅಡ್ಡ ಇಡೋದೇ ಇದಕ್ಕಿಂತ ಹೊಸದು.

ಗಂಡ: (ಹೆಂಡತಿಗೆ) ಕೇಳಿಸ್ತಾ?

ಹೆಂಡತಿ: ಬಾಗಿಲಿಗೆ ಹದಿನಾಲ್ಕನೇದು ಇಟ್ಟು ನೋಡಿ ತಮ್ಮಾ, ಇನ್ನೂ ಬೇಗ ನಿಲ್ಲಬಹುದು. ಅದಿರಲಿ. ಹೊಸದರಲ್ಲಿ ನನ್ನ ಕಸೂತಿ ಪ್ರೋಗ್ರಾಮು ನಡೆಯುತ್ತಾ?

ಅಂಗಡಿಯವನು: ಈ ಪ್ರೋಗ್ರಾಮಾ? ಇಲ್ಲಕ್ಕಾ. ಇದಕ್ಕೆ ಹೊಸದು ಬಂದಿದೆ. ಆದರೆ ಹೊಸ ಪ್ರೋಗ್ರಾಮಿನ ಮಾತು ನಿಮ್ಮ ಮಷಿನ್ನಿಗೆ ಅರ್ಥ ಆಗಲ್ಲ. ಹೊಸ ಮಷಿನ್ನೂ ತಗೋಬೇಕಾಗುತ್ತೆ.

ಹೆಂಡತಿ: ಪಟ್ಟಿ ಬರೀತಿದ್ರೆ ಇವರನ್ನೂ ಸೇರಿಸ್ಕೊಳ್ಳಿ. ಇವರೂ ಹಳೇ ತಲೆಮಾರೇ. ಮಾತು ಅರ್ಥ ಆಗಲ್ಲ.

ಗಂಡ: ಮಷಿನ್ ವಿಷಯ ನೀವು ನನಗೆ ಹೇಳಿರಲಿಲ್ಲವಲ್ಲ.

ಅಂಗಡಿಯವನು: ನೀವು ಕೇಳಿರಲಿಲ್ಲ ಸಾರ್. ನೀವು ಥ್ರೆಡ್ ಎಷ್ಟು ಅಂತ ಕೇಳಿದ್ರಿ.

ಗಂಡ ಚಾವಣಿ ನೋಡಿದ. ಅಂಗಡಿಯವನು ಹಳೆಯದಕ್ಕೆ ಬೆಲೆ ಕಟ್ಟಲೆಂದು ಗವಸಿಗೆ ಕೈ ಹಾಕಿದ. ಹಾಕಿದ ಕೈಯನ್ನು ಹಿಂದಕ್ಕೆಳೆದು ಊದಿಕೊಂಡ.

ಅಂಗಡಿಯವನು: ಏನಕ್ಕಾ ಇದು, ಇಸ್ತ್ರಿ ಪೆಟ್ಟಿಗೆನಾ?

ಗವಸು ಬಿಚ್ಚಿ, ಪಕ್ಕದ ಹಲಗೆ ತೆಗೆದ. ಒಳಗಿನ ಫ್ಯಾನು ಕಾಣಲಿಲ್ಲ. ಅದರ ಜಾಗದಲ್ಲಿ ನೀಲಿ, ಹಳದಿ, ಬಿಳಿ ನೂಲಿನ ಚೂರುಗಳು ಅಡರಿಕೊಂಡು ಒಂದು ಪುಟ್ಟ ದಿಂಬಾಗಿದ್ದವು.

ಹೆಂಡತಿ: (ಬಗ್ಗಿ ನೋಡಿ) ಥ್ರೆಡ್ ಇಲ್ಲೂ ಇದೆಯಲ್ರೀ. ಇಪ್ಪತ್ತನಾಲ್ಕಕ್ಕಿಂತ ಜಾಸ್ತಿನೇ ಇರಬೇಕು. ಬಣ್ಣಾನೂ ಇದೆ.

ಅಂಗಡಿಯವನು: ಪ್ರೊಸೆಸರ್‌ಗೆ ಏನೂ ಆಗಿಲ್ಲ ಸಾರ್. ಬಿಸಿಯಾದ್ರೆ ಸುಟ್ಟುಹೋಗಬಾರದು ಅಂತ ಅದೇ ಮೆಲ್ಲಗಾಗುತ್ತೆ. ನೀವು ಇದಕ್ಕೆ ಸ್ಪಂಜಿನ ಕೋಟು ಹಾಕಿ ಕೂರಿಸಿದೀರಿ.

ಹೇಳಿಬಿಟ್ಟ ಮೇಲೆ, ಮಾರಾಟಕ್ಕೆ ಬಂದವನು ತಾನೆಂದು ಅವನಿಗೆ ನೆನಪಾಯಿತು. ನಾಲಿಗೆ ಕಚ್ಚಿಕೊಂಡ. ಗಂಡನ ಮುಖ ಮಾತ್ರ ಅರಳಿತ್ತು. ಸೋತದ್ದು ಅವನಿಗಿನ್ನೂ ಹೊಳೆದಿರಲಿಲ್ಲ.

ಗಂಡ: ಅಂದ್ರೆ ಇಷ್ಟಕ್ಕೆಲ್ಲ ಕಾರಣ ಇವಳ ಗವಸು. ಬೆಳಗಿಂದ ನನ್ನ ಆಡಿಕೊಂಡಳಲ್ಲ, ಇವಳದೇ ಕೈಕೆಲಸ.

ಹೆಂಡತಿ: ಹೊಲಿದಿದ್ದು ನಾನು. ಅಳತೆ ಕೊಟ್ಟಿದ್ದು ಯಾರು? "ಹಿಂದುಗಡೆ ಏನಿದೆ" ಅಂತ ನಾನು ಕೇಳಿದ್ದಕ್ಕೆ "ಏನಿಲ್ಲ, ಬರೀ ತೂತುಗಳು, ಮುಚ್ಚಿಬಿಡು" ಅಂದವರು ಯಾರು?

ಗಂಡ ಕಾಗದದಿಂದ ಗಾಳಿ ಹಾಕಿಕೊಂಡ. ಅಂಗಡಿಯವನು ಬ್ರಶ್ಶಿನಿಂದ ಫ್ಯಾನು ಬಿಡಿಸಿ, ಹಲಗೆ ಮುಚ್ಚಿ, ಮತ್ತೆ ಚಾಲೂ ಮಾಡಿದ. ಹೆಂಡತಿ ಬ್ಯಾಡ್ಜಿನ ಚಿತ್ರವನ್ನು ಒತ್ತಿ, ಅಭ್ಯಾಸಬಲದಿಂದ ಕತ್ತರಿಗೆ ಕೈ ಚಾಚಿದಳು. ಕತ್ತರಿ ಕೈಗೆ ಸಿಗುವ ಮೊದಲೇ ಚಿತ್ರ ತೆರೆದು ನಿಂತಿತ್ತು.

ಗಂಡ: ಇಷ್ಟು ಬೇಗ ತೆರೀಬಾರದು. ಏನೋ ಬಿಟ್ಟುಹೋಗಿರುತ್ತೆ, ಸರಿಯಾಗಿ ನೋಡಿ.

ಹೆಂಡತಿ: ಎಲ್ಲ ಇದೆ. ಪುಸ್ತಕ, ದೀಪ, ಶಾಲೆ ಹೆಸರು. ಇಲ್ಲದೇ ಇರೋದು ನಿಮ್ಮ ಹದಿನಾಲ್ಕನೇ ತಲೆಮಾರು ಒಂದೇ.

ಮಷಿನ್ನು ಟಕಟಕ ಶುರುವಾಯಿತು. ಅಂಗಡಿಯವನು ಹೊರಡಲು ಎದ್ದವನು ಗವಸನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

ಅಂಗಡಿಯವನು: ಅಕ್ಕಾ, ಹೊಲಿಗೆ ಬಹಳ ಚೆನ್ನಾಗಿದೆ. ಇಂಥದ್ದು ನಲವತ್ತು ಹೊಲಿದುಕೊಡ್ತೀರಾ? ಹೊಸ ಕಂಪ್ಯೂಟರ್ ತಗೊಂಡವರಿಗೆ ಒಂದೊಂದು ಸುಮ್ನೆ ಕೊಡ್ತೀನಿ.

ಹೆಂಡತಿ: ಫ್ಯಾನಿಗೆ ಕಿಟಕಿ ಬಿಟ್ಟು ಹೊಲೀಲಾ?

ಅಂಗಡಿಯವನು: ಕಿಟಕಿ ಬೇಡಕ್ಕಾ. ಹೀಗೇ ಇರಲಿ.

ಹೆಂಡತಿ: ಓಹೋ. ಮುಂದಿನ ವರ್ಷ ನಲವತ್ತು ಜನಾನೂ ನಿಧಾನ ಆಯ್ತು ಅಂತ ನಿಮ್ಮ ಬಾಗಿಲಿಗೆ ಬರಲಿ ಅಂತ. ಈಗ ಗೊತ್ತಾಯ್ತು ಈ ತಲೆಮಾರುಗಳು ಇಷ್ಟು ಬೇಗ ಹೇಗೆ ಹುಟ್ಟುತ್ತವೆ ಅಂತ. ಹೋಗಿ ತಮ್ಮಾ, ನನಗೆ ಇನ್ನೂರು ಬ್ಯಾಡ್ಜಿದೆ.

ಅವನು ನಕ್ಕು ಚಪ್ಪಲಿ ಮೆಟ್ಟಿದ. ಕೋಣೆಯಲ್ಲಿ ಮಷಿನ್ನಿನ ಸದ್ದೊಂದೇ ಉಳಿಯಿತು. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಗೆ ಬೆನ್ನ ಹಿಂದೆ ಏನೋ ಸರಪರ ಕೇಳಿಸಿತು. ತಿರುಗಿದರೆ, ಗಂಡ ಮಂಡಿಯೂರಿ ಕೂತು, ನಡೆಯುತ್ತಿರುವ ಕಂಪ್ಯೂಟರಿಗೆ ಮೆಲ್ಲಗೆ ಗವಸು ತೊಡಿಸುತ್ತಿದ್ದಾನೆ.

ಹೆಂಡತಿ: ಏನ್ರೀ ಅದು?

ಗಂಡ: ಏನಿಲ್ಲ. ಧೂಳು ಕೂರುತ್ತೆ.

ಹೆಂಡತಿ: ಕೊಡಿ ಇಲ್ಲಿ. ಬಿಚ್ಚಿ ನಿಮಗೇ ಒಂದು ಕೋಟು ಹೊಲೀತೀನಿ. ಬಿಸಿಯಾಗಿ ನೀವಾದ್ರೂ ಸ್ವಲ್ಪ ಮೆಲ್ಲಗಾಗ್ತೀರಿ.