ಒತ್ತಿದ ಕೀಲಿ ಬಿಡದ ನಮ್ಮ ಮನೆಯವರ ಪರವಾಗಿ

ಮಾನ್ಯರೇ,

ಬೆರಳು ಬಿದ್ದ ಕ್ಷಣವೇ ಕೀಲಿಯನ್ನು ಗುರುತಿಸಿ, ಅಕ್ಷರವನ್ನು ಮಾತಾಗಿಸುವ ತಂತ್ರಾಂಶ ಮಹಾಶಯರಾದ ತಮಗೆ, ಊಟದ ಮೇಜಿನ ಅರ್ಧವನ್ನು ತಮಗೇ ಬಿಟ್ಟುಕೊಟ್ಟು ಉಳಿದರ್ಧದಲ್ಲಿ ಸೊಪ್ಪು ಬಿಡಿಸುವ ಗೃಹಿಣಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕರೆಂಟು ಹೋದರೂ ತಮಗೆ ಬ್ಯಾಟರಿಯ ಆಸರೆಯಿದೆ.

ಗಂಟಲಿನ ಆಪರೇಷನ್ ಆದಮೇಲೆ ನಮ್ಮ ಮನೆಯವರಿಗೆ ದನಿಯಿಲ್ಲ. ಅವರು ಟೈಪ್ ಮಾಡಿದ್ದನ್ನು ತಾವು ಗಟ್ಟಿಯಾಗಿ ಹೇಳುತ್ತೀರೆಂಬ ಭರವಸೆಯ ಮೇಲೆ ದೂರದಲ್ಲಿರುವ ಮಗಳು ತಮ್ಮನ್ನು ಕಳಿಸಿಕೊಟ್ಟಳು. ಅವರೋ ಜೀವಮಾನವಿಡೀ ಹಾರ್ಮೋನಿಯಂ ಕಲಿಸಿದ ಮೇಷ್ಟ್ರು. ಒಮ್ಮೆ ಒತ್ತಿದ ಮೇಲೆ ಸ್ವರ ಮುಗಿಯುವ ತನಕ ಬೆರಳೆತ್ತಬಾರದೆಂದು ಎಷ್ಟೋ ಮಕ್ಕಳ ಬೆರಳ ಗಂಟಿಗೆ ತಟ್ಟಿದವರು. ತಮ್ಮ ಕೀಲಿಯನ್ನೂ ಅದೇ ಮರ್ಯಾದೆಯಿಂದ ಒತ್ತಿ ಹಿಡಿದರು. ನೀರು ಕೇಳಲು ಹೊರಟವರ ಮೊದಲ ಅಕ್ಷರವನ್ನೇ ತಾವು ಪರದೆ ತುಂಬ ಹಬ್ಬಿಸಿ ನನನನ ಎಂದು ಕೂಗತೊಡಗಿದಾಗ, ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ ಯಾರಿಗೇನಾಯಿತೆಂದು ವಿಚಾರಿಸಿದರು.

ತಮ್ಮ ಕಂಪನಿಗೆ ದೂರು ಕೊಟ್ಟೆ. ಪಾಪ, ಒಳ್ಳೆಯ ಜನ, ಕೂಡಲೇ ತಮ್ಮನ್ನು ತಿದ್ದಿ ಕಳಿಸಿದರು. ಈಗ ಬೆರಳು ತುಸು ಹೆಚ್ಚು ಹೊತ್ತು ನಿಂತರೆ, ಅದು ಮೊಣಕೈ ತಗಲಿದ್ದೋ ಬೆಕ್ಕು ಕೂತದ್ದೋ ಎಂದು ತೀರ್ಮಾನಿಸಿ ಆ ಅಕ್ಷರವನ್ನೇ ಗುಳುಂ ಮಾಡುತ್ತೀರಿ. ಆಮೇಲೆ, ಯಾರೂ ಟೈಪ್ ಮಾಡುತ್ತಿಲ್ಲವೆಂದು ತೋರಿಸಿ ಪರದೆ ಆರಿಸುತ್ತೀರಿ. ನಿಖರತೆಯೆಂದರೆ ಹೀಗಿರಬೇಕು. ಕ್ಷೌರ ಮಾಡಿಕೊಂಡು, ಕನ್ನಡಕ ಒರೆಸಿಕೊಂಡು ಎದುರಿಗೇ ಕೂತ ಮನುಷ್ಯನನ್ನು ಇಲ್ಲವೆನ್ನುವ ಧೈರ್ಯ ಈ ಮನೆಯಲ್ಲಿ ಇದುವರೆಗೆ ನನಗೂ ಬಂದಿರಲಿಲ್ಲ.

ಕ್ಷೌರ ಯಾಕೆಂದರೆ, ಅಂದು ಭಾನುವಾರ, ಮಗಳ ಫೋನು ಬರುವ ದಿನ. ಆಪರೇಷನ್ ಆದಮೇಲೆ ಅವಳೊಂದಿಗೆ ಆಡುವ ಮೊದಲ ಮಾತನ್ನು ಅವರು ಬೆಳಗಿನಿಂದ ಮನಸ್ಸಿನಲ್ಲೇ ಕೂಡಿಸಿಟ್ಟುಕೊಂಡಿದ್ದರು. ನಾನು ಫೋನನ್ನು ತಮ್ಮ ಬಾಯಿಯ ಹತ್ತಿರ ಹಿಡಿದೆ. ಅವರು ಒತ್ತಿದರು, ತಾವು ನುಂಗಿದಿರಿ. ಮತ್ತೆ ಒತ್ತಿದರು, ಮತ್ತೆ ನುಂಗಿದಿರಿ. ಆ ಕಡೆ ಮಗಳು ಕಾದು ಕಾದು, ಕಾಯಿಲೆಯಲ್ಲಿ ಬಂದು ನೋಡಲಿಲ್ಲವೆಂದು ಅಪ್ಪನಿಗೆ ಇನ್ನೂ ಕೋಪ, ಅದಕ್ಕೇ ಮಾತಿಲ್ಲ ಎಂದುಕೊಂಡು ಅತ್ತಳು. ಹಾಗಲ್ಲ ಕಣೇ ಎಂದು ನಾನೆಷ್ಟು ಹೇಳಿದರೂ, ಅಮ್ಮ ಸಮಾಧಾನಕ್ಕೆ ಹೇಳುತ್ತಾಳೆಂದು ಫೋನಿಟ್ಟಳು. ಅಂದಿನಿಂದ ಇವರು ತಮ್ಮ ಹತ್ತಿರ ಸುಳಿದಿಲ್ಲ. ನಾನೇ ಟೈಪ್ ಮಾಡಿಕೊಡುತ್ತೇನೆಂದರೂ ಬೇಡವೆಂದು ಗೋಡೆಯ ಕಡೆ ತಿರುಗುತ್ತಾರೆ.

ಆದ್ದರಿಂದ ತಮ್ಮಲ್ಲಿ ಸಣ್ಣ ಬಿನ್ನಹ. ಆ ಭಾನುವಾರ ನುಂಗಿದ ಅಕ್ಷರಗಳನ್ನು ದಯಮಾಡಿ ಅದೇ ಕ್ರಮದಲ್ಲಿ ಕಕ್ಕಿಬಿಡಿ. ಇನ್ನು ಮುಂದೆ ಕೀಲಿ ಇಳಿದದ್ದನ್ನೂ ಎದ್ದದ್ದನ್ನೂ ಸಾವಧಾನವಾಗಿ ನೋಡಿ, ಎರಡೂ ಸೇರಿ ಒಂದೇ ಒತ್ತು ಎಂದು ಒಪ್ಪಿಕೊಳ್ಳಿ. ಬೆಕ್ಕಿಗೂ ಮೇಷ್ಟ್ರಿಗೂ ಇರುವ ವ್ಯತ್ಯಾಸ ಕಲಿಯಿರಿ. ಸಾಧ್ಯವಾದರೆ ಅವರು ಬೆರಳೆತ್ತಿ, ಒತ್ತಲೋ ಬೇಡವೋ ಎಂದು ತಡೆಯುವುದನ್ನೂ ಗುರುತಿಸಿ ನುಡಿಯಿರಿ, ಯಾಕೆಂದರೆ ಸಂಸಾರದ ಮುಖ್ಯ ವಿಷಯಗಳನ್ನು ಅವರು ಮೊದಲಿನಿಂದಲೂ ಹೇಳುತ್ತಿದ್ದುದು ಹಾಗೆಯೇ.

ತಮ್ಮ ವಿಶ್ವಾಸಿ,
ತಾವು ಇಲ್ಲವೆಂದವರ ಹೆಂಡತಿ

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ಮಗಳು ರಜೆ ಹಾಕಿ ತಾನೇ ಬಂದಳು. ಇವರು ಅವಳ ಅಂಗೈ ಬಿಡಿಸಿ, ಅದರ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದರು, ಪ್ರತಿಯೊಂದರ ಕೊನೆಗೂ ಬಹಳ ಹೊತ್ತು ಒತ್ತಿ ಹಿಡಿದು. ಅವಳು ಯಾವುದನ್ನೂ ಬಿಡದೆ, ಯಾವುದನ್ನೂ ಎರಡು ಸಲ ಎಣಿಸದೆ ಓದಿಕೊಂಡಳು. ಏನು ಬರೆದರೆಂದು ಇಬ್ಬರೂ ನನಗೇ ಹೇಳಿಲ್ಲ, ತಮಗಂತೂ ಹೇಳುವುದಿಲ್ಲ.