ಅಜ್ಜಿ ಮನೆ ಗೇಟಿಗೆ ನಾನೇ ಇನ್‌ಚಾರ್ಜು

ಕೆಲ್ಸ ಮಾಡೋದು ಸುಲಭ, ಮಾಡ್ಸೋದೇ ಕಷ್ಟ ಅಂತ ನಮ್ಮ ಸೋದರಮಾವ ದಿನಾ ಹೇಳ್ತಾನೆ. ಕಡೂರಲ್ಲಿರೋ ಅವನ ವೆಲ್ಡಿಂಗ್ ಶಾಪಲ್ಲಿ ಒಂದು ವಾರ ನಿಂತು ನೋಡಿ, ನಗೋಕೆ ಬೇರೆ ಎಲ್ಲೂ ಹೋಗ್ಬೇಕಾಗಿಲ್ಲ. ಎಸ್ಸೆಸ್ಸೆಲ್ಸೀಲಿ ಗಣಿತ ನನ್ನ ಕೈ ಬಿಟ್ಮೇಲೆ ಅಲ್ಲಿಗೆ ಸೇರ್ಕೊಂಡವನು ನಾನು. ಕೆಲ್ಸಕ್ಕಿಂತ ಕೀಟಲೆ ಜಾಸ್ತಿ ಅಂತ ಬೇಗ ಹೆಸರೂ ತಗೊಂಡೆ.

ಒಂದಿನ ಮಾವ ಕರೆದು ಹೇಳ್ದ: "ಅಜ್ಜಂಪುರದ ಆಚೆ ಶಿವನಿ ಅನ್ನೋ ಊರಲ್ಲಿ ಒಂದು ಗೇಟಿನ ಕೆಲ್ಸ ಬಂದಿದೆ. ಅಳತೆಯಿಂದ ಹಿಡಿದು ನಿಲ್ಸೋವರ್ಗೂ ನೀನೇ ಇನ್‌ಚಾರ್ಜು. ಭಾನುವಾರ ಬೆಳಿಗ್ಗೆ ಆ ಮನೆಯವರ ಮಗಳ ನಿಶ್ಚಿತಾರ್ಥ, ಅಷ್ಟರಲ್ಲಿ ಗೇಟು ನಿಂತ್ರೆ ಮುಂದಿನ ಸೈಟು ನಿಂದು. ನಿಲ್ದೇ ಇದ್ರೆ ನಿಮ್ಮಮ್ಮ ಹೇಳ್ದಂಗೆ ಮತ್ತೆ ಗಣಿತಕ್ಕೆ ಕೂತ್ಕೋ."

ಗಣಿತ ಅಂದಿದ್ದೇ ತಡ, ನಾನು ಟೇಪು ತಗೊಂಡು ಬಸ್ ಹತ್ತಿದ್ದೆ.

ಏನೇನು ಒಳಗೆ ಬರ್ಬೇಕು?

ಮೊದ್ಲು ಗಿರಾಕಿಗೆ ಏನು ಬೇಕೋ ಕೇಳ್ಬೇಕು, ಆಮೇಲೆ ಟೇಪು ಬಿಚ್ಬೇಕು. ಇದು ಮಾವನ ಪಾಠ. ಸರಿ, ಶಿವನಿಗೆ ಹೋಗಿ ಮನೆ ಯಜಮಾನ್ರನ್ನ ಕೇಳ್ದೆ.

"ಕಾರು ಬರೋ ಅಷ್ಟು ಅಗಲ ಇರ್ಬೇಕಪ್ಪ" ಅಂದ್ರು.

ಅವರ ಹೆಂಡ್ತಿ ಒಳಗಿಂದ್ಲೇ, "ಯಾರ ಕಾರ್ರೀ? ನಮ್ಮತ್ರ ಇರೋದು ಮೊಪೆಡ್ಡು!"

"ಮುಂದೆ ಬರುತ್ತೆ ಕಣೇ."

"ಮುಂದೆ ಅಂದ್ರೆ ಮದುವೆಯಾದಾಗಿಂದ ಹೇಳ್ತಿರೋ ಆ ಮುಂದೇನಾ?"

ಜಗಲಿ ಮೇಲೆ ಕೂತಿದ್ದ ಅಜ್ಜಿ, ಅಂದ್ರೆ ಯಜಮಾನ್ರ ತಾಯಿ, ಇಬ್ರನ್ನೂ ಸುಮ್ನಿರಿಸಿದ್ರು. "ಕಾರು ಬರ್ಲಿ, ಟ್ರ್ಯಾಕ್ಟರ್ರು ಬರ್ಲಿ, ಹಸಾನೂ ಬರ್ಲಿ. ಎದುರುಮನೆ ಮೇಕೆ ಮಾತ್ರ ಬರ್ಬಾರ್ದು ನೋಡು. ಈ ಮನೇಲಿ ಒಬ್ರಿಗೂ ಚಿಲಕ ಹಾಕೋ ಅಭ್ಯಾಸ ಇಲ್ಲ. ಅದು ಗೇಟನ್ನ ತಲೇಲಿ ದಬ್ಕೊಂಡು ಬಂದು ನನ್ನ ದಾಸವಾಳ ಎಲ್ಲ ಮೇಯ್ದು, ಮೀಸೆ ತಿರುವ್ಕೊಂಡು ಹೋಗುತ್ತೆ."

"ಮೇಕೆಗೆ ಇರೋದು ಗಡ್ಡ ಅಜ್ಜಿ, ಮೀಸೆ ಅಲ್ಲ."

"ನೀನು ನೋಡಿಲ್ಲ ಅದರ ಜಂಬಾನ" ಅಂದ್ರು ಅಜ್ಜಿ.

ಯಾರಾದ್ರೂ ಒಬ್ರು

ಶಾಪಲ್ಲಿ ಗೇಟಿನ ಚೌಕಟ್ಟಿನ ಕೆಲ್ಸ ಶುರುವಾಯ್ತು. ಇನ್‌ಚಾರ್ಜ್ ಅಂದ್ಮೇಲೆ ಅಪ್ಪಣೆ ಕೊಡ್ಬೇಕಲ್ಲ? ಕೈ ಹಿಂದೆ ಕಟ್ಕೊಂಡು, "ಊಟಕ್ಕೆ ಹೋದವರು ಬರ್ತಾ ಯಾರಾದ್ರೂ ಒಬ್ರು ಪೇಂಟ್ ತಂದ್ಬಿಡಿ" ಅಂದೆ.

ಊಟ ಮುಗಿಸ್ಕೊಂಡು ನಮ್ಮ ಶಾಪಿನ ವೆಲ್ಡರ್ ಅಣ್ಣ ಹಸಿರು ಡಬ್ಬ ಹಿಡ್ಕೊಂಡು ಬಂದ. ಹಿಂದೇನೇ ಮಾವ ಬಂದ, ಕೈಯಲ್ಲಿ ಕಪ್ಪು ಡಬ್ಬ. ಇಬ್ರೂ ಒಬ್ಬರ ಮುಖ ಒಬ್ಬರು ನೋಡಿದ್ರು.

"ಲೇ, ಯಾರಾದ್ರೂ ಒಬ್ರು ಅಂದ್ರೆ ಯಾರ್ಲೇ? ಕೆಲ್ಸ ಹೇಳುವಾಗ ಹೆಸರಿಟ್ಟು ಹೇಳ್ಬೇಕು. ಇಲ್ದಿದ್ರೆ ಎಲ್ರೂ ತರ್ತಾರೆ, ಇಲ್ಲ ಯಾರೂ ತರಲ್ಲ" ಅಂತ ಮಾವ ಬೈದ.

ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ನಾನೇ. ಯಾರಿಗೂ ಕಾಣ್ದಂಗೆ ನಾನೂ ತಂದು ಬಚ್ಚಿಟ್ಟ ನೀಲಿ ಡಬ್ಬ ಇವತ್ತಿಗೂ ಜನರೇಟರ್ ರೂಮಿನ ಹಿಂದೆ ಇದೆ.

ನಾನಲ್ಲ, ಕರೆಂಟು

ಶುಕ್ರವಾರ ಮಧ್ಯಾಹ್ನಕ್ಕೆ ಗೇಟು ಟೆಂಪೋ ಹತ್ಬೇಕಿತ್ತು. ಕಡೇ ಎರಡು ಪಟ್ಟಿ ವೆಲ್ಡಿಂಗ್ ಬಾಕಿ ಇದ್ದಾಗ ಮಿಷಿನ್ ನಿಂತೋಯ್ತು.

ವೆಲ್ಡರ್ ಅಣ್ಣ ತಲೆ ಕೂಡ ಎತ್ಲಿಲ್ಲ. "ಹಾಕ್ಲೇ ಮೇನ್ ಸ್ವಿಚ್ಚು."

ತಪ್ಪು ಅವನದಲ್ಲ. ಅವನು ಮಿಷಿನ್ ಹಿಡಿದಾಗೆಲ್ಲ ಸದ್ದಿಲ್ದೆ ಮೇನ್ ಆಫ್ ಮಾಡಿ, ಅವನು ಮಿಷಿನ್‌ಗೆ ಬೈಯೋದನ್ನ ಕೇಳೋದು ನನ್ನ ದಿನದ ಮನರಂಜನೆ.

"ಅಣ್ಣಾ, ನಾನಲ್ಲ. ನಿಜವಾಗ್ಲೂ ಕರೆಂಟ್ ಹೋಗಿದೆ. ಜನರೇಟರ್ ಹಾಕೋಣ."

"ನಿನ್ನ ಆಟ ಗೊತ್ತು ಕಣ್ಲೇ. ನೀನಾಗೇ ಹಾಕೋವರ್ಗೂ ಏಳಲ್ಲ."

"ನಮ್ಮಮ್ಮನಾಣೆ ಅಣ್ಣಾ!"

"ನಿಮ್ಮಮ್ಮನ ಆಣೇನ ಸೋಮವಾರಾನೂ ಹಾಕಿದ್ದೆ."

ಜನರೇಟರ್ ರೂಮಿನ ಬೀಗದ ಕೈ ಇರೋದು ಅವನ ಸೊಂಟದಲ್ಲಿ. ಅವನು ಟವೆಲ್ ಹಾಸ್ಕೊಂಡು ಮಲಗೇಬಿಟ್ಟ. ಸಂಜೆ ಮಾವ ಬಂದು, "ಇಡೀ ಬೀದೀಲಿ ಕರೆಂಟಿಲ್ಲ, ಜನರೇಟರ್ ಯಾಕ್ರೋ ಹಾಕಿಲ್ಲ?" ಅಂದಾಗ ವೆಲ್ಡರ್ ಅಣ್ಣ ಎದ್ದು ಕೂತು ನನ್ನನ್ನೇ ಗದರಿದ:

"ಇಡೀ ಬೀದೀದೇ ತೆಗೆದ್ಬಿಟ್ಟಿದ್ಯೇನ್ಲೇ!"

ಶನಿವಾರ

ಹೀಗಾಗಿ ನಾವು ಗೇಟು ಹೊತ್ಕೊಂಡು ಅಜ್ಜಂಪುರ ದಾಟಿ ಶಿವನಿ ಮುಟ್ಟಿದ್ದು ಶನಿವಾರ. ಟೆಂಪೋ ನಿಂತಿದ್ದೇ ತಡ, ಅಜ್ಜಿ ಎರಡೂ ಕೈ ಚಾಚಿ ಕಾಂಪೌಂಡಿನ ಕಂಬಗಳ ನಡುವೆ ನಿಂತ್ಬಿಟ್ರು.

"ಶನಿವಾರ ಕಬ್ಬಿಣ ಮನೆಯೊಳಗೆ ತರ್ತಾರೇನಪ್ಪಾ? ಅದೂ ನಾಳೆ ನಿಶ್ಚಿತಾರ್ಥ ಇಟ್ಕೊಂಡು! ತಗೊಂಡ್ಹೋಗು."

ಯಜಮಾನ್ರು ಬೆವರು ಒರೆಸ್ಕೊಂಡ್ರು. "ಬೆಳಿಗ್ಗೆ ರೈಲಿಗೇ ಬೀಗರು ಬರ್ತಾರಮ್ಮ. ಹಳೇ ಗೇಟು ಬೇರೆ ಕಿತ್ತಾಗಿದೆ."

ಮಾವ ನನ್ನ ಕಡೆ ನೋಡ್ದ. ಆ ನೋಟದಲ್ಲಿ ನನಗೆ ಗಣಿತದ ಪುಸ್ತಕ ಕಾಣ್ತು. ಬಾಯಿ ತಾನಾಗೇ ತೆರ್ಕೊಂಡಿತು.

"ಅಜ್ಜೀ, ಗೇಟು ಮನೆಯೊಳಗೆ ಎಲ್ಲಿ ಬರುತ್ತೆ? ಬೀದಿ ಅಂಚಲ್ಲಿ ನಿಲ್ಲೋದು."

"ತೆಗೆದ್ರೆ ಒಳಕ್ಕೆ ಬರಲ್ವೇನೋ?"

"ಹೊರಕ್ಕೆ ತೆಗೆಯೋ ಹಂಗೆ ಹಾಕ್ತೀವಿ. ಒಂದಿಂಚೂ ಒಳಕ್ಕೆ ಬರಲ್ಲ."

ಅಜ್ಜಿ ಯೋಚ್ನೆ ಮಾಡಿದ್ರು. "ಅಂದ್ರೆ ಶನಿ ಬೀದೀಲೇ ಇರ್ತಾನೆ?"

"ಬೀದೀಲೇ ಅಜ್ಜಿ. ಬೇಕಾದ್ರೆ ಎದುರುಮನೆಗೆ ಹೋಗ್ಲಿ."

ಅಜ್ಜಿ ಮುಖ ಅರಳಿತು. ಕೈ ಇಳೀತು. ಕತ್ತಲಾಗೋದ್ರೊಳಗೆ ಹೊರಗಡೆಯಿಂದ್ಲೇ ಕೀಲು ಕೂರಿಸಿ, ಕಂಬಕ್ಕೆ ಸಿಮೆಂಟ್ ಮೆತ್ತಿ, ಗೇಟು ನಿಲ್ಸಿದ್ವಿ. ಭಾನುವಾರ ಬೀಗರು ತೆರೆದಿಟ್ಟ ಆ ಗೇಟಲ್ಲೇ ಒಳಗೆ ಹೋದ್ರು, ನಿಶ್ಚಿತಾರ್ಥ ಚೆನ್ನಾಗಾಯ್ತು.

ಸೋಮವಾರ ಶಾಪಲ್ಲಿ ಮಾವ ತನ್ನ ಟೇಪನ್ನೇ ನನ್ನ ಜೇಬಿಗೆ ಹಾಕ್ದ. "ತರೀಕೆರೇಲಿ ಒಂದು ಮನೆಗೆ ಶೀಟ್ ಹೊದಿಸೋ ಕೆಲ್ಸ ಇದೆ. ನೀನೇ ಹೋಗಿ ಅಳತೆ ತಗೊಂಡ್ಬಾ" ಅಂದ. ನಾನು ಕುಣಿಯೋದ್ರೊಳಗೆ ಫೋನ್ ಬಂತು. ಶಿವನಿ ಯಜಮಾನ್ರು, ಕೆಂಡಾಮಂಡಲ.

"ಏನಪ್ಪಾ, ಎಂಥ ಗೇಟು ಹಾಕಿದ್ದೀರಾ? ಜಾಮ್ ಆಗಿದೆ! ಬೀದೀಲಿ ನಿಂತ್ಕೊಂಡು ಆವಾಗಿಂದ ದಬ್ತಾ ಇದ್ದೀನಿ!"

"ಯಜಮಾನ್ರೇ, ದಬ್ಬೇಡಿ. ಎಳೀರಿ."

ಗೇಟು ಕಿರ್ ಅಂತು. ಅದರ ಹಿಂದೇನೇ ಫೋನಲ್ಲಿ ಅಜ್ಜಿ ಮಗನ್ನ ಬೈಯೋದು ಕೇಳಿಸ್ತು:

"ಎದುರುಮನೆ ಮೇಕೆ ಎರಡು ಸಲ ದಬ್ಬಿ ನೋಡಿ, ಆಗಲ್ಲ ಅಂತ ಗೊತ್ತಾಗಿ ಮನೆಗೆ ಹೋಯ್ತು ಕಣೋ. ನೀನಿನ್ನೂ ದಬ್ತಾನೇ ಇದ್ದೀಯಲ್ಲೋ!"